ಮಡ್ಡಿ ವಾಟರ್ಸ್ ಹಳ್ಳಿಯ ಬ್ಲೂಸ್‌ಗೆ ಕರೆಂಟು ಕೊಟ್ಟರು, ಅಷ್ಟೇ ಅಲ್ಲವೇ?

ಪ್ರಶ್ನೆ: ಬ್ಲೂಸ್ ಅಮೆರಿಕದ ಕಪ್ಪು ಜನರ ಹಾಡು. ಎಲೆಕ್ಟ್ರಿಕ್ ಬ್ಲೂಸ್ ಎಂದೊಡನೆ ಎಲ್ಲರೂ ಮಡ್ಡಿ ವಾಟರ್ಸ್ ಅವರ ಹೆಸರನ್ನೇ ಮೊದಲು ಹೇಳುತ್ತಾರೆ. ಊರಿನಲ್ಲಿ ಹಾಡುತ್ತಿದ್ದ ಹಾಡುಗಳನ್ನೇ ಅವರು ಶಿಕಾಗೋದಲ್ಲಿ ಆಂಪ್ಲಿಫೈಯರ್ ಇಟ್ಟುಕೊಂಡು ಹಾಡಿದರು. ಎಲೆಕ್ಟ್ರಿಕ್ ಗಿಟಾರನ್ನು ಅವರಿಗಿಂತ ಮೊದಲೇ ನುಡಿಸಿದವರೂ ಇದ್ದರು. ಹಾಗಿದ್ದ ಮೇಲೆ ಅವರ ಹೆಚ್ಚುಗಾರಿಕೆ ಏನು?

ಉತ್ತರ: ಪ್ರಶ್ನೆಯಲ್ಲಿರುವ ಎರಡು ಮಾತೂ ನಿಜ. ಟಿ-ಬೋನ್ ವಾಕರ್ 1940ರ ದಶಕದ ಆರಂಭದಲ್ಲೇ ಎಲೆಕ್ಟ್ರಿಕ್ ಗಿಟಾರಿನಲ್ಲಿ ಬ್ಲೂಸ್ ನುಡಿಸಿ ರೆಕಾರ್ಡ್ ಮಾಡಿದ್ದರು. ಮಡ್ಡಿ ತಮ್ಮ ಊರಿನ ಹಾಡುಗಳನ್ನೇ ಪಟ್ಟಣಕ್ಕೆ ತಂದರು ಎಂಬುದಕ್ಕಂತೂ ಧ್ವನಿಮುದ್ರಿತ ಸಾಕ್ಷಿಯೇ ಇದೆ. ಉತ್ತರವನ್ನು ಹುಡುಕಬೇಕಾದದ್ದೂ ಆ ಸಾಕ್ಷಿಯಲ್ಲೇ.

ಮೆಕಿನ್ಲಿ ಮಾರ್ಗನ್‌ಫೀಲ್ಡ್ ಎಂಬುದು ಅವರ ಹುಟ್ಟುಹೆಸರು. ಕೆಸರಿನಲ್ಲಿ ಆಡುತ್ತಿದ್ದ ಮೊಮ್ಮಗನಿಗೆ ಅಜ್ಜಿ ಇಟ್ಟ ಅಡ್ಡಹೆಸರು ಮಡ್ಡಿ. ಮಿಸಿಸಿಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಸಮೀಪದ ಸ್ಟೋವಾಲ್ ಎಸ್ಟೇಟಿನಲ್ಲಿ ಹತ್ತಿ ಬಿಡಿಸುತ್ತ, ಟ್ರ್ಯಾಕ್ಟರ್ ಓಡಿಸುತ್ತ, ವಾರಾಂತ್ಯದಲ್ಲಿ ಹಾಡುತ್ತಿದ್ದ ಅವರನ್ನು ಹುಡುಕಿಕೊಂಡು 1941ರ ಆಗಸ್ಟ್‌ನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಪರವಾಗಿ ಜನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಮತ್ತು ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಧ್ವನಿಮುದ್ರಣ ಯಂತ್ರದೊಂದಿಗೆ ಬಂದರು. ತಮ್ಮ ದನಿಯನ್ನು ಆ ಯಂತ್ರದಿಂದ ಕೇಳಿದಾಗ ತಾನೂ ಹಾಡುಗಾರನಾಗಬಲ್ಲೆ ಎನಿಸಿತೆಂದು ಮಡ್ಡಿ ಮುಂದೆ ಹೇಳಿಕೊಂಡಿದ್ದಾರೆ. ಲೋಮ್ಯಾಕ್ಸ್ ಆಮೇಲೆ ರೆಕಾರ್ಡಿನ ಎರಡು ಪ್ರತಿಗಳನ್ನೂ 20 ಡಾಲರಿನ ಚೆಕ್ಕನ್ನೂ ಕಳುಹಿಸಿಕೊಟ್ಟರು. 1943ರಲ್ಲಿ ಮಡ್ಡಿ ಶಿಕಾಗೋದ ರೈಲು ಹತ್ತಿದರು.

ಅಲ್ಲಿ ಹಗಲು ಕಾರ್ಖಾನೆಯ ಕೆಲಸ, ಲಾರಿ ಓಡಿಸುವ ಕೆಲಸ. ರಾತ್ರಿ ಮನೆಕೂಟಗಳಲ್ಲಿ, ಬಾರುಗಳಲ್ಲಿ ಹಾಡು. ಕುಡಿದು ಕುಣಿಯುವ ಜನರ ಗದ್ದಲದಲ್ಲಿ ಬರೀ ಮರದ ಗಿಟಾರು ಪಕ್ಕದವನಿಗೂ ಕೇಳಿಸುತ್ತಿರಲಿಲ್ಲ. ಆಂಪ್ಲಿಫೈಯರ್ ಬಂದದ್ದು ಇಷ್ಟಕ್ಕಾಗಿಯೇ. ಅದರ ಹಿಂದೆ ಹೊಸ ಸಂಗೀತವನ್ನು ಸೃಷ್ಟಿಸುವ ಸಂಕಲ್ಪವೇನೂ ಇರಲಿಲ್ಲ.

1948ರಲ್ಲಿ ಅರಿಸ್ಟೋಕ್ರ್ಯಾಟ್ ಎಂಬ ಸಣ್ಣ ಕಂಪನಿ, ಅಂದರೆ ಮುಂದೆ ಚೆಸ್ ರೆಕಾರ್ಡ್ಸ್ ಎಂದು ಹೆಸರಾದ ಸಂಸ್ಥೆ, ಅವರ ಒಂದು ರೆಕಾರ್ಡನ್ನು ಹೊರತಂದಿತು. ಒಂದು ಬದಿಗೆ ‘ಐ ಕಾಂಟ್ ಬಿ ಸ್ಯಾಟಿಸ್ಫೈಡ್’, ಇನ್ನೊಂದು ಬದಿಗೆ ‘ಐ ಫೀಲ್ ಲೈಕ್ ಗೋಯಿಂಗ್ ಹೋಮ್’. ಮೊದಲ ಮುದ್ರಣದ ಪ್ರತಿಗಳು ನೋಡನೋಡುತ್ತಲೇ ಖರ್ಚಾಗಿ, ಸ್ವತಃ ಹಾಡಿದವರಿಗೇ ಪ್ರತಿ ಸಿಗುವುದು ಕಷ್ಟವಾಯಿತಂತೆ. ಈ ಎರಡೂ 1941ರಲ್ಲಿ ಲೋಮ್ಯಾಕ್ಸ್ ಅವರ ಮುಂದೆ ಬೇರೆ ಹೆಸರಿನಿಂದ ಹಾಡಿದ್ದ ಹಾಡುಗಳೇ. ಹಾಡು ಅದೇ, ಹಾಡುಗಾರ ಅವರೇ. ನಡುವೆ ಇರುವುದು ಏಳು ವರ್ಷ, ಒಂದು ನಗರ ಮತ್ತು ಒಂದು ಆಂಪ್ಲಿಫೈಯರ್.

1941ರದ್ದನ್ನೂ 1948ರದ್ದನ್ನೂ ಒಂದರ ಹಿಂದೊಂದು ಕೇಳಬೇಕು. ಹಳೆಯದರಲ್ಲಿ ಒಂದೇ ಗಿಟಾರು ಲಯವನ್ನೂ ಹೊತ್ತು, ಹಾಡಿಗೆ ಮಾರುತ್ತರವನ್ನೂ ಕೊಡಬೇಕು. ಹೊಸದರಲ್ಲಿ ಬಿಗ್ ಕ್ರಾಫರ್ಡ್ ಅವರ ದೊಡ್ಡ ಬಾಸ್ (ತಗ್ಗು ಸ್ವರದ ತಂತಿವಾದ್ಯ) ಲಯದ ಭಾರವನ್ನು ಹೊರುವುದರಿಂದ, ತಂತಿಯ ಮೇಲೆ ಜಾರಿಸಲೆಂದು ಮಡ್ಡಿ ಕಿರುಬೆರಳಿಗೆ ತೊಟ್ಟ ಕೊಳವೆಗೆ ಬಿಡುವು ಸಿಕ್ಕಿದೆ. ಅದು ತಂತಿಯ ಮೇಲೆ ಜಾರಿ, ಎರಡು ಸ್ವರಗಳ ನಡುವಿನ ಯಾವುದೋ ಎಡೆಯಲ್ಲಿ ನಿಂತು, ಅಲ್ಲೇ ನಡುಗುತ್ತದೆ. ಮರದ ಗಿಟಾರಿನಲ್ಲಾದರೆ ಆ ನಡುಕ ಬೇಗ ಸತ್ತುಹೋಗುತ್ತದೆ, ಇಲ್ಲಿ ಆಂಪ್ಲಿಫೈಯರ್ ಅದನ್ನು ಹಿಡಿದಿಡುತ್ತದೆ. (ಜಾರು ಗಮಕವನ್ನು ಕೇಳಿ ಬೆಳೆದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ವಿದ್ಯುತ್ತು ಅವರ ಸಂಗೀತದಲ್ಲಿ ದೊಡ್ಡದಾಗಿಸಿದ್ದು ಸದ್ದನ್ನಲ್ಲ, ಮೊದಲು ಕೇಳಿಸದೇ ಹೋಗುತ್ತಿದ್ದ ಸಣ್ಣಪುಟ್ಟ ಸಂಗತಿಗಳನ್ನು ಎಂಬುದು ನನ್ನ ಎಣಿಕೆ.

ಇದೇ ತಿಳಿವಳಿಕೆಯನ್ನು ಅವರು ಇಡೀ ತಂಡಕ್ಕೆ ಹಬ್ಬಿಸಿದರು, ಮತ್ತು ನನ್ನ ಪ್ರಕಾರ ನಿಜವಾದ ಸಾಧನೆ ಅದು. ಎರಡನೆಯ ಗಿಟಾರಿಗೆ ಜಿಮ್ಮಿ ರೋಜರ್ಸ್, ಪಿಯಾನೋಗೆ ಓಟಿಸ್ ಸ್ಪ್ಯಾನ್. ಲಿಟಲ್ ವಾಲ್ಟರ್ ಮೌತ್ ಆರ್ಗನ್ನನ್ನೂ ಮೈಕನ್ನೂ ಒಟ್ಟಿಗೆ ಎರಡೂ ಅಂಗೈಗಳಲ್ಲಿ ಮುಚ್ಚಿ ಹಿಡಿದು ಊದುತ್ತಿದ್ದರು. ಆಗ ಆ ಪುಟ್ಟ ವಾದ್ಯದಿಂದ ಸ್ಯಾಕ್ಸೋಫೋನಿನಷ್ಟು ದಪ್ಪನೆಯ ದನಿ ಹೊರಡುತ್ತಿತ್ತು. ಗಿಟಾರು ಮತ್ತು ಬಾಸ್ ಮಾತ್ರ ಇದ್ದ ರೆಕಾರ್ಡುಗಳೇ ಚೆನ್ನಾಗಿ ಮಾರುತ್ತಿದ್ದುದರಿಂದ ಕಂಪನಿಯ ಒಡೆಯ ಲೆನಾರ್ಡ್ ಚೆಸ್ ಕೆಲಕಾಲ ತಂಡವನ್ನು ಸ್ಟುಡಿಯೋದೊಳಗೆ ಬಿಟ್ಟುಕೊಳ್ಳಲಿಲ್ಲ. ಒಳಗೆ ಬಂದ ತಂಡ ಏನು ಮಾಡಬಲ್ಲದು ಎಂಬುದಕ್ಕೆ ವಿಲ್ಲಿ ಡಿಕ್ಸನ್ ಬರೆದುಕೊಟ್ಟ, 1954ರ ‘ಹೂಚಿ ಕೂಚಿ ಮ್ಯಾನ್’ ಸಾಕ್ಷಿ. ಎಲ್ಲ ವಾದ್ಯಗಳೂ ಕೂಡಿ ಒಂದು ಚಿಕ್ಕ ತುಣುಕನ್ನು ಕುಟ್ಟಿದಂತೆ ನುಡಿಸಿ ಗಕ್ಕನೆ ನಿಲ್ಲುತ್ತವೆ; ಆ ಖಾಲಿ ಜಾಗದಲ್ಲಿ ಮಡ್ಡಿ ಅವಸರವಿಲ್ಲದೆ, ತಾಳಕ್ಕಿಂತ ಒಂದು ಕೂದಲೆಳೆಯಷ್ಟು ಹಿಂದೆ ಉಳಿದು, ಒಂದು ಸಾಲು ಹಾಡುತ್ತಾರೆ; ಮತ್ತೆ ಕುಟ್ಟು, ಮತ್ತೆ ಮೌನ. ಸದ್ದು ಮಾಡಬಲ್ಲ ಐದಾರು ಜನ ಹೀಗೆ ಒಟ್ಟಾಗಿ ಸುಮ್ಮನಾಗುವುದರಿಂದಲೇ ಆ ದನಿಗೆ ಅಷ್ಟು ಗತ್ತು ಬಂದಿದೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಅವರ ಬದುಕಿನಲ್ಲೇ ಇದೆ. 1968ರಲ್ಲಿ ರಾಕ್ ಕೇಳುವ ಹುಡುಗರನ್ನು ಸೆಳೆಯಲೆಂದು ಕಂಪನಿ ‘ಎಲೆಕ್ಟ್ರಿಕ್ ಮಡ್’ ಎಂಬ ಆಲ್ಬಮ್ ಮಾಡಿಸಿತು. ಗಿಟಾರುಗಳು ಕಿರುಚುತ್ತವೆ, ಗುರುಗುಟ್ಟುತ್ತವೆ. ಕರೆಂಟೇ ಕಾರಣವಾಗಿದ್ದರೆ ಇದೇ ಅವರ ಶ್ರೇಷ್ಠ ಕೃತಿಯಾಗಬೇಕಿತ್ತು. ಅವರಿಗೇ ಅದು ಹಿಡಿಸಲಿಲ್ಲ.

ಪ್ರಭಾವದ ವಿಚಾರ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ತನ್ನ ಹೆಸರನ್ನು ತೆಗೆದುಕೊಂಡದ್ದು ಅವರ 1950ರ ರೆಕಾರ್ಡಿನಿಂದ. ಮುಂದೆ ರಾಕ್ ಅಂಡ್ ರೋಲ್‌ನ ದೊಡ್ಡ ಹೆಸರಾದ ಚಕ್ ಬೆರಿ ಎಂಬ ಯುವಕನನ್ನು 1955ರಲ್ಲಿ ಚೆಸ್ ಕಂಪನಿಗೆ ಹೋಗೆಂದು ಕಳುಹಿಸಿದವರೂ ಅವರೇ. 1958ರಲ್ಲಿ ಇಂಗ್ಲೆಂಡಿಗೆ ಹೋದಾಗ, ಅಕೌಸ್ಟಿಕ್ ಬ್ಲೂಸ್ ಕೇಳಿ ಅಭ್ಯಾಸವಾಗಿದ್ದ ಅಲ್ಲಿಯ ಹಲವರಿಗೆ ಅವರ ಗಿಟಾರಿನ ಸದ್ದು ವಿಪರೀತವೆನಿಸಿತು. ಅದನ್ನು ನೆನಪಿಟ್ಟುಕೊಂಡು 1963ರಲ್ಲಿ ಅಕೌಸ್ಟಿಕ್ ಗಿಟಾರು ಹಿಡಿದು ಹೋದರೆ, ಅಷ್ಟರಲ್ಲಿ ಅಲ್ಲಿಯ ಹೊಸ ಪೀಳಿಗೆಗೆ ಎಲೆಕ್ಟ್ರಿಕ್ಕೇ ಬೇಕಾಗಿತ್ತು! 1972ರಿಂದ 1980ರವರೆಗೆ ಆರು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಅವುಗಳಲ್ಲೊಂದು, ಜಾನಿ ವಿಂಟರ್ ನಿರ್ಮಿಸಿದ 1977ರ ‘ಹಾರ್ಡ್ ಅಗೇನ್’ ಆಲ್ಬಮ್ಮಿಗೆ. 1983ರ ಏಪ್ರಿಲ್ 30ರಂದು ನಿದ್ದೆಯಲ್ಲೇ ತೀರಿಕೊಂಡರು.

ಸ್ಟೋವಾಲ್‌ನಲ್ಲಿ ಅವರು ವಾಸಿಸುತ್ತಿದ್ದ ಮರದ ಮನೆಯ ಉಳಿಕೆ ಈಗ ಕ್ಲಾರ್ಕ್ಸ್‌ಡೇಲ್‌ನ ಡೆಲ್ಟಾ ಬ್ಲೂಸ್ ಮ್ಯೂಸಿಯಂನಲ್ಲಿದೆ. 1980ರ ದಶಕದಲ್ಲಿ ಝೀಝೀ ಟಾಪ್ ಎಂಬ ರಾಕ್ ತಂಡದ ಬಿಲ್ಲಿ ಗಿಬ್ಬನ್ಸ್ ಆ ಮನೆಯ ಮರದಿಂದ ಒಂದು ಗಿಟಾರು ಮಾಡಿಸಿದರು. ಅದೂ ಎಲೆಕ್ಟ್ರಿಕ್ ಗಿಟಾರೇ.