ಬಿಸಿಲಿನ ತಪ್ಪಲ್ಲ, ಆಟದ ತಪ್ಪಲ್ಲ: ಬಾರ್ಡರ್ ಕೋಲಿ ನಾಯಿಗಳು ಕುಸಿಯುವುದು ಏಕೆ?

ಕುರಿ ಕಾಯುವವರು ಇದಕ್ಕೆ ಇಟ್ಟುಕೊಂಡ ಹೆಸರು ‘ವಾಬಲ್ಸ್’. ತೂರಾಟ ಅಂತ ಅರ್ಥ. ಹತ್ತು ನಿಮಿಷದ ಹಿಂದೆ ಕುರಿಗಳನ್ನು ಸುತ್ತುಹಾಕಿ ತರುತ್ತಿದ್ದ ನಾಯಿ ಈಗ ಕುಡಿದವರ ಹಾಗೆ ವಾಲುತ್ತದೆ. ತಿರುಗಲು ಹೋದರೆ ಕಾಲಿಗೆ ಕಾಲು ಸಿಕ್ಕಿಕೊಳ್ಳುತ್ತದೆ. ಪಾದ ನೆಲಕ್ಕೆ ಉಜ್ಜುತ್ತದೆ. ಕಣ್ಣು ತೆರೆದೇ ಇದ್ದರೂ ಯಜಮಾನ ಕರೆದಿದ್ದು ತಲೆಗೆ ಹೋದಂತೆ ಕಾಣುವುದಿಲ್ಲ. ಕೆಲವು ನಾಯಿಗಳು ಪಕ್ಕಕ್ಕೆ ಬಿದ್ದೇ ಬಿಡುತ್ತವೆ. ಸ್ವಲ್ಪ ಹೊತ್ತು ಸುಮ್ನೆ ಮಲಗಿಸಿದರೆ, ಬಹುತೇಕ ಅರ್ಧ ಗಂಟೆಯೊಳಗೆ, ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತವೆ.

ನೋಡಿದವರಿಗೆ ಎದೆ ಧಸಕ್ಕೆನ್ನುವ ದೃಶ್ಯ ಇದು. ತುಂಬಾ ವರ್ಷ ಇದಕ್ಕೆ ಕೊಟ್ಟ ಕಾರಣ ಒಂದೇ: ಬಿಸಿಲು ತಡೆಯಲಿಲ್ಲ. ಇಲ್ಲವೇ, ನಾಯಿಗೆ ಕಸರತ್ತು ಸಾಲದು, ದುಡಿಸಿದ್ದು ಜಾಸ್ತಿಯಾಯಿತು. ಹೇಗೆ ನೋಡಿದರೂ ತಪ್ಪು ಸಾಕಿದವರ ತಲೆಗೇ ಬರುತ್ತಿತ್ತು.

ಈ ತಳಿಯ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕುರುಬರ ನಾಯಿಯ ಮುಖ್ಯ ಕೆಲಸ ಕಾವಲು. ತೋಳ ಬಂದರೆ ಎದುರು ನಿಲ್ಲಬೇಕು. ಬಾರ್ಡರ್ ಕೋಲಿಯ ಕೆಲಸವೇ ಬೇರೆ. ಗುಡ್ಡದ ತುಂಬ ಚದುರಿದ ಕುರಿಗಳನ್ನು ಬರೀ ದಿಟ್ಟಿಸಿ ನೋಡಿಯೇ ಕಲೆಹಾಕಿ ತರಬೇಕು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ಗುಡ್ಡಗಳಲ್ಲಿ ಈ ತಳಿ ರೂಪುಗೊಂಡಿತು. 1893ರಲ್ಲಿ ನಾರ್ಥಂಬರ್‌ಲ್ಯಾಂಡ್‌ನಲ್ಲಿ ಆಡಮ್ ಟೆಲ್ಫರ್ ಅವರ ಮನೆಯಲ್ಲಿ ಹುಟ್ಟಿದ ‘ಓಲ್ಡ್ ಹೆಂಪ್’ ಎಂಬ ಗಂಡು ನಾಯಿಯನ್ನು ಇವುಗಳ ಮೂಲಪುರುಷ ಎನ್ನುತ್ತಾರೆ. 1906ರಲ್ಲಿ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಶುರುವಾಯಿತು. ಅಂದಿನಿಂದ ಮರಿ ಮಾಡಿಸುವವರು ನೋಡಿದ್ದು ಅಂದಕ್ಕಿಂತ ಹೆಚ್ಚಾಗಿ ಕೆಲಸವನ್ನು. ದಣಿದರೂ ನಿಲ್ಲದ ನಾಯಿಯೇ ಒಳ್ಳೆ ನಾಯಿ. ಸ್ಪರ್ಧೆ ಗೆದ್ದ ಗಂಡು ನಾಯಿಗೆ ಊರೂರಿಂದ ಹೆಣ್ಣು ನಾಯಿಗಳು ಬಂದವು. ಒಳ್ಳೆ ಗುಣ ಹೀಗೆ ಬೇಗ ಹರಡುತ್ತದೆ, ನಿಜ. ಆದರೆ ಅದರ ಜೊತೆಗಿದ್ದ ಕುಂದೂ ಅಷ್ಟೇ ಬೇಗ ಹರಡುತ್ತದೆ, ಅಲ್ವಾ?

ವಂಶದ ಕಡೆ ಗಂಭೀರವಾಗಿ ಕಣ್ಣು ಹಾಯಿಸಲು ದಾರಿ ಮಾಡಿದ್ದು ಬೇರೊಂದು ತಳಿ, ಲ್ಯಾಬ್ರಡಾರ್. ಅವುಗಳಲ್ಲೂ ಜೋರಾಗಿ ಓಡಿದ ಮೇಲೆ ಹಿಂಗಾಲು ಸೋತು ಬೀಳುವ ಕಾಯಿಲೆ ಇತ್ತು. ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದ ಪಶುವೈದ್ಯೆ ಸೂಸನ್ ಟೇಲರ್ ಮತ್ತು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ತಂಡ ಅದರ ಬೆನ್ನು ಹತ್ತಿದರು. 2008ರಲ್ಲಿ ಉತ್ತರ ಸಿಕ್ಕಿತು: ಡೈನಮಿನ್ 1 ಎಂಬ ಜೀನ್‌ನಲ್ಲಿ ಒಂದೇ ಒಂದು ಬದಲಾವಣೆ. ನರಗಳು ಸಂದೇಶ ಕಳಿಸುವುದು ಪುಟ್ಟ ಪುಟ್ಟ ಚೀಲಗಳ ಮೂಲಕ. ಬಳಸಿದ ಚೀಲವನ್ನು ಮತ್ತೆ ಒಳಗೆಳೆದು ಸಿದ್ಧ ಮಾಡಲು ಈ ಜೀನ್‌ನ ಪ್ರೋಟೀನ್ ಬೇಕು. ಸಾಮಾನ್ಯ ಓಡಾಟಕ್ಕೆ ಕೆಟ್ಟ ಪ್ರೋಟೀನ್ ಹೇಗೋ ಸಾಕಾಗುತ್ತದೆ. ಭರದ ಓಟಕ್ಕೆ ಸಾಲುವುದಿಲ್ಲ. ತಾಯಿ, ತಂದೆ ಇಬ್ಬರಿಂದಲೂ ಆ ಬದಲಾವಣೆ ಬಂದ ಮರಿಗೇ ಕಾಯಿಲೆ. ಡಿಎನ್‌ಎ ಪರೀಕ್ಷೆಯೂ ಬಂತು. ಜೋಡಿ ಮಾಡುವ ಮೊದಲೇ ನೋಡಿಕೊಳ್ಳಬಹುದಾಯಿತು.

ಬಾರ್ಡರ್ ಕೋಲಿ ಸಾಕುವವರು ತಮಗೂ ಇಂಥದ್ದೊಂದು ಸಿಗುತ್ತದೆ ಎಂದು ಕಾದರು. ಆದರೆ ಕುಸಿಯುವ ಕೋಲಿಗಳಲ್ಲಿ ಆ ಬದಲಾವಣೆ ಇರಲಿಲ್ಲ. ಲಕ್ಷಣಗಳೂ ಬೇರೆ. ಲ್ಯಾಬ್ರಡಾರ್‌ನ ಕಾಲು ಸೋತರೂ ಸಾಮಾನ್ಯವಾಗಿ ತಲೆ ಚುರುಕಾಗಿಯೇ ಇರುತ್ತದೆ. ಕೋಲಿಗೆ ಮಂಕು ಕವಿಯುತ್ತದೆ. ಅಂದರೆ ಇಲ್ಲಿ ತೊಂದರೆ ಬರೀ ಕಾಲಿನದ್ದಲ್ಲ, ಮಿದುಳಿಗೂ ತಟ್ಟಿದಂತಿದೆ.

ಟೇಲರ್ ಮತ್ತು ಜೊತೆಗಾರರು ಮುಂದೆ ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಕುಸಿಯುವ ನಾಯಿಗಳನ್ನೂ ಆರೋಗ್ಯವಾಗಿರುವ ನಾಯಿಗಳನ್ನೂ ಕರೆತಂದು ಒಂದೇ ಕೆಲಸ ಕೊಟ್ಟರು. ಒಮ್ಮೆ ಹತ್ತು ನಿಮಿಷ ಚೆಂಡು ಹೆಕ್ಕಿ ತರುವ ಆಟ. ಇನ್ನೊಮ್ಮೆ ಕುರಿ ಕೂಡಿಸುವ ಕೆಲಸ. ಮೈ ಬಿಸಿ, ರಕ್ತ, ಹೃದಯದ ಬಡಿತ ಎಲ್ಲವನ್ನೂ ಅಳೆದರು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಓಡಿದ ಮೇಲೆ ಎರಡೂ ಗುಂಪಿನ ನಾಯಿಗಳ ಮೈ ಒಂದೇ ರೀತಿ ಕಾದಿತ್ತು. ಭರದಿಂದ ಓಡಿದ ಆರೋಗ್ಯವಂತ ನಾಯಿಯ ಮೈಬಿಸಿ ಕೂಡ 41 ಡಿಗ್ರಿ ದಾಟುವುದುಂಟು. ಅಷ್ಟು ಬಿಸಿಯಲ್ಲೂ ಒಂದು ನಾಯಿ ನೆಟ್ಟಗೆ ನಿಂತಿರುತ್ತದೆ, ಇನ್ನೊಂದು ತೂರಾಡುತ್ತದೆ. ಸೆಕೆಯ ದಿನ ಕುಸಿಯುವ ಸಾಧ್ಯತೆ ಹೆಚ್ಚು ಎಂಬುದು ಸರಿ. ಹಾಗಂತ ಇದನ್ನು ಬರೀ ಬಿಸಿಲಿನ ಹೊಡೆತ ಎನ್ನುವಂತಿಲ್ಲ. ಆಸ್ಟ್ರೇಲಿಯಾದ ಕೆಲ್ಪಿಯಂಥ ಹತ್ತಿರದ ತಳಿಗಳಲ್ಲೂ ಇದೇ ತೊಂದರೆ ಕಾಣುತ್ತದೆ.

ಹಾಗಾದರೆ ವಂಶದಿಂದ ಬರುತ್ತದೆಯೇ? 2021ರಲ್ಲಿ ಮಿನೆಸೋಟ ತಂಡ 343 ಬಾರ್ಡರ್ ಕೋಲಿಗಳ ಡಿಎನ್‌ಎ ಹೋಲಿಸಿತು. 168 ಕುಸಿಯುವ ನಾಯಿಗಳು, 175 ಆರೋಗ್ಯವಂತ ನಾಯಿಗಳು. ಒಂದು ನಾಯಿಗೆ ಅಪಾಯ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಎಂಬ ಈ ವ್ಯತ್ಯಾಸದಲ್ಲಿ 49ರಿಂದ 61 ಶೇಕಡಾ ಪಾಲು ವಂಶವಾಹಿಗಳದ್ದು ಎಂದು ಲೆಕ್ಕ ಸಿಕ್ಕಿತು. ಆದರೆ ಅದು ಒಂದು ಜೀನ್‌ನ ಕೆಲಸ ಅಲ್ಲ. ಐದು ಕ್ರೋಮೋಸೋಮ್‌ಗಳಲ್ಲಿ ಎದ್ದುಕಂಡ ಜಾಗಗಳನ್ನೆಲ್ಲ ಕೂಡಿಸಿದರೂ ಒಟ್ಟು ಅಪಾಯದ ಸುಮಾರು 5 ಶೇಕಡಾ ಮಾತ್ರ. ವಂಶವಾಹಿಗಳ ಪಾಲಿನಲ್ಲಿ ಉಳಿದದ್ದು ನೂರಾರು, ಸಾವಿರಾರು ಸಣ್ಣಪುಟ್ಟ ವ್ಯತ್ಯಾಸಗಳಲ್ಲಿ ಹಂಚಿಹೋಗಿದೆ. ಎತ್ತರ ವಂಶದಲ್ಲಿ ಇಳಿದು ಬರುವ ಹಾಗೆ ಅಂದುಕೊಳ್ಳಿ.

ಇದು ನಿರಾಸೆಯ ಸುದ್ದಿ, ಮುಚ್ಚಿಡುವುದು ಬೇಡ. ಇಷ್ಟು ಹರಡಿಹೋದದ್ದನ್ನು ಲ್ಯಾಬ್ರಡಾರ್‌ಗೆ ಮಾಡಿದ ಹಾಗೆ ಒಂದೇ ಪರೀಕ್ಷೆಯಲ್ಲಿ ಹಿಡಿಯಲಾಗದು. ನೋಡಲು ಆರೋಗ್ಯವಾಗಿರುವ ತಾಯಿತಂದೆಗೂ ಕುಸಿಯುವ ಮರಿ ಹುಟ್ಟಬಹುದು. ಹಾಗಾಗಿ ಮರಿ ಮಾಡಿಸುವವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತೇ ಸದ್ಯಕ್ಕೆ ದೊಡ್ಡ ಆಧಾರ. ತನ್ನ ಚಾಂಪಿಯನ್ ನಾಯಿಯ ಮರಿಗಳಲ್ಲಿ ಎರಡು ಕುಸಿದವು ಎಂದು ಬಾಯಿಬಿಟ್ಟು ಹೇಳಲು ಧೈರ್ಯ ಬೇಕು. ಹೇಳಿದವರನ್ನು ದೂರ ಇಡುವುದು ಅನ್ಯಾಯ.

ಈ ತಳಿಯನ್ನು ಈಗ ಬೆಂಗಳೂರಿನ ಮನೆಗಳಲ್ಲೂ ಸಾಕುತ್ತಾರೆ. ಅಲ್ಲಿ ಕುರಿ ಇಲ್ಲ, ಚೆಂಡು ಇದೆ. ಚೆಂಡಾಟವೇ ಸಾಕು, ಕುಸಿತ ಬರಲು. ಎಸೆದಷ್ಟು ಸಲವೂ ನಾಯಿ ಓಡುತ್ತದೆ, ತಾನಾಗಿ ನಿಲ್ಲುವುದಿಲ್ಲ. ಹಿಂಗಾಲು ನೆಲಕ್ಕೆ ಉಜ್ಜಿದಂತೆ ಕಂಡರೆ, ತಿರುವಿನಲ್ಲಿ ಎಡವಿದರೆ, ಆಟ ಅಲ್ಲಿಗೇ ನಿಲ್ಲಿಸಿ. ನೆರಳಿಗೆ ಕರೆದೊಯ್ದು ಮೈಗೆ ನೀರು ಹಾಕಿ ತಂಪು ಮಾಡಿ. ಬಿಸಿಲಿನ ಹೊಡೆತದಿಂದಲೂ ನಾಯಿ ಹೀಗೇ ಬೀಳಬಹುದು, ಹೃದಯದ ತೊಂದರೆಯಿಂದಲೂ ಬೀಳಬಹುದು. ಆದ್ದರಿಂದ ಮೊದಲ ಸಲ ಬಿದ್ದಾಗ ವೈದ್ಯರಿಗೆ ತೋರಿಸಲೇಬೇಕು. ಸಾಧ್ಯವಾದರೆ ಮೊಬೈಲ್‌ನಲ್ಲಿ ಒಂದು ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ನಾಯಿ ಬಾಲ ಅಲ್ಲಾಡಿಸುತ್ತಾ ನಿಂತಿರುತ್ತದೆ.