ಡೋಸಿನ ಗಂಟೆ, ರಕ್ತ ತೆಗೆದ ಗಂಟೆ

ವ್ಯಾಂಕೊಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್‌ನಂತಹ ಆ್ಯಂಟಿಬಯೋಟಿಕ್‌ಗಳಲ್ಲಿ ಸೋಂಕನ್ನು ಗುಣಪಡಿಸುವ ಪ್ರಮಾಣಕ್ಕೂ ಮೂತ್ರಪಿಂಡವನ್ನು ಕೆಡಿಸುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಇವು ದೇಹದಿಂದ ಹೊರಹೋಗುವುದೂ ಮುಖ್ಯವಾಗಿ ಮೂತ್ರಪಿಂಡದ ಮೂಲಕವೇ ಆದ್ದರಿಂದ, ಅದು ತುಸು ಸೋತರೂ ಔಷಧ ರಕ್ತದಲ್ಲಿ ಉಳಿಯುತ್ತದೆ, ಉಳಿದ ಔಷಧ ಅದನ್ನು ಇನ್ನಷ್ಟು ಸೋಲಿಸುತ್ತದೆ. ಡೋಸ್ ನಿರ್ಧರಿಸುವವರು ವೈದ್ಯರು, ಮಟ್ಟ ಅಳೆಯುವುದು ಲ್ಯಾಬ್. ಆದರೆ ಲ್ಯಾಬ್ ಕೊಡುವ ಅಂಕಿಗೆ ಅರ್ಥ ಬರುವುದು ಔಷಧ ಯಾವಾಗ ಹೋಯಿತು, ರಕ್ತ ಯಾವಾಗ ತೆಗೆಯಲಾಯಿತು ಎಂದು ಶುಶ್ರೂಷಕಿ ಬರೆದಿಟ್ಟ ಸಮಯದಿಂದ.

ಟ್ರಫ್ ಎಂದರೆ ಮುಂದಿನ ಡೋಸಿಗೆ ಮೊದಲು ರಕ್ತದಲ್ಲಿರುವ ಕನಿಷ್ಠ ಮಟ್ಟ. ಇದಕ್ಕಾಗಿ ಮುಂದಿನ ಡೋಸಿನ ಹಿಂದಿನ ಅರ್ಧ ಗಂಟೆಯೊಳಗೆ ರಕ್ತ ತೆಗೆಯಬೇಕು; ವ್ಯಾಂಕೊಮೈಸಿನ್ ಆದರೆ ಸಾಮಾನ್ಯವಾಗಿ ನಾಲ್ಕನೆಯ ಡೋಸಿಗೆ ಮುಂಚೆ. ಒಮ್ಮೆ ಬೆಳಗಿನ ಪಾಳಿಯಲ್ಲಿ ಒಬ್ಬ ರೋಗಿಯ ಟ್ರಫ್ 38 (ಮಿಲಿಲೀಟರಿಗೆ ಮೈಕ್ರೋಗ್ರಾಂ), ಅಂದರೆ ತೀರಾ ಹೆಚ್ಚು, ಎಂದು ವರದಿ ಬಂತು. ಮೂತ್ರಪಿಂಡ ಸೋತರೆ ರಕ್ತದಲ್ಲಿ ಹೆಚ್ಚುವ ತ್ಯಾಜ್ಯವಾದ ಕ್ರಿಯಾಟಿನಿನ್ ಏರಿರಲಿಲ್ಲ, ಚಾರ್ಟಿನಲ್ಲಿ ಸಮಯವೂ ಸರಿಯಿತ್ತು. ರಕ್ತ ತೆಗೆದ ಕಿರಿಯಳನ್ನು ವಿಚಾರಿಸಿದಾಗ, "ನರ ಸಿಗಲಿಲ್ಲ ಸಿಸ್ಟರ್, ಔಷಧ ಹೋಗುತ್ತಿದ್ದ ಲೈನಿನಿಂದಲೇ ತೆಗೆದೆ" ಎಂದಳು. ಲೈನಿನಲ್ಲಿ ಅಂಟಿಕೊಂಡಿದ್ದ ಔಷಧವೂ ಮಾದರಿಯೊಳಗೆ ಸೇರಿತ್ತು. ವೈದ್ಯರಿಗೆ ತಿಳಿಸಿ, ಡೋಸ್ ತಡೆದು, ಇನ್ನೊಂದು ಕೈಯಿಂದ ಮತ್ತೆ ತೆಗೆದಾಗ 14 ಬಂತು. ಅವಳು ಅದನ್ನು ಮುಚ್ಚಿಡದೆ ಹೇಳಿದ್ದಕ್ಕೆ ನಾನು ಇಂದಿಗೂ ಕೃತಜ್ಞಳು.

2020ರಲ್ಲಿ ಪರಿಷ್ಕರಿಸಲಾದ ಅಮೆರಿಕದ ವ್ಯಾಂಕೊಮೈಸಿನ್ ಮಾರ್ಗಸೂಚಿಯು, ಹಲವು ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾದ ಗಂಭೀರ ಸೋಂಕುಗಳಲ್ಲಿ ಟ್ರಫ್ಅನ್ನು 15–20ರಲ್ಲಿ ಇಡುವ ಹಳೆಯ ಗುರಿಯನ್ನು ಕೈಬಿಟ್ಟು, ಇಡೀ 24 ಗಂಟೆಗಳಲ್ಲಿ ದೇಹಕ್ಕೆ ತಾಗಿದ ಔಷಧದ ಒಟ್ಟು ಪ್ರಮಾಣವನ್ನು ಲೆಕ್ಕ ಹಾಕುವಂತೆ ಸೂಚಿಸಿದೆ. ಹೀಗೆ ಲೆಕ್ಕ ಹಾಕಲು, ಡ್ರಿಪ್ ಮುಗಿದ ಒಂದೆರಡು ಗಂಟೆಗಳ ಬಳಿಕ ಒಂದು, ಮುಂದಿನ ಡೋಸಿನ ಸಮೀಪ ಇನ್ನೊಂದು ಮಾದರಿ ಬೇಕಾಗಬಹುದು. ನರಕ್ಕೆ ಹಾಕಿದ ಕೊಳವೆ (ಕ್ಯಾನ್ಯುಲಾ) ಕಟ್ಟಿಕೊಂಡು 6 ಗಂಟೆಯ ಡೋಸ್ 7:10ಕ್ಕೆ ಶುರುವಾಗಿದ್ದರೆ ಚಾರ್ಟಿನಲ್ಲಿ 7:10 ಎಂದೇ ಇರಬೇಕು. ಅಭ್ಯಾಸಬಲದಿಂದ 6 ಎಂದು ಬರೆದರೆ ಲೆಕ್ಕವೇ ತಪ್ಪುತ್ತದೆ.

ಜೆಂಟಾಮೈಸಿನ್, ಅಮಿಕಾಸಿನ್ ವಿಷಯದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು "ಮೂತ್ರ ಚೆನ್ನಾಗಿ ಹೋಗುತ್ತಿದೆ" ಎಂಬ ಮಾತು. ಈ ಔಷಧಗಳಿಂದಾಗುವ ಹಾನಿ ಸಾಮಾನ್ಯವಾಗಿ ಐದಾರು ದಿನಗಳ ಬಳಿಕ ಕಾಣಿಸಿಕೊಳ್ಳುತ್ತದೆ, ಆಗಲೂ ಮೂತ್ರದ ಪ್ರಮಾಣ ಅನೇಕ ವೇಳೆ ಇಳಿದಿರುವುದಿಲ್ಲ. ಆದ್ದರಿಂದ ಕ್ರಿಯಾಟಿನಿನ್ಅನ್ನು ಲ್ಯಾಬಿನ ಸಹಜ ಮಿತಿಯೊಂದಿಗಲ್ಲ, ರೋಗಿಯದೇ ಮೊದಲ ದಿನದ ಅಂಕಿಯೊಂದಿಗೆ ಹೋಲಿಸಬೇಕು. ಡೆಸಿಲೀಟರಿಗೆ 0.6 ಮಿಲಿಗ್ರಾಂ ಇದ್ದದ್ದು ಎರಡು ದಿನಗಳಲ್ಲಿ 0.9 ಆದರೆ ವರದಿಯಲ್ಲಿ ಕೆಂಪು ಗುರುತು ಬೀಳುವುದಿಲ್ಲ, ಆದರೆ 48 ಗಂಟೆಗಳಲ್ಲಿ 0.3 ಏರುವುದೇ ಮೂತ್ರಪಿಂಡದ ತೀವ್ರ ಹಾನಿಯ ಒಂದು ಮಾನದಂಡ. ಜೊತೆಯಲ್ಲಿ ಹಾನಿ ಹೆಚ್ಚಿಸಬಲ್ಲ ನೋವಿನ ಮಾತ್ರೆ, ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಅಥವಾ ಸ್ಕ್ಯಾನಿಗೆ ಚುಚ್ಚುವ ಕಾಂಟ್ರಾಸ್ಟ್ ದ್ರವ ಇದೆಯೇ ಎಂದೂ ನೋಡಬೇಕು. ಕಿವಿಯಲ್ಲಿ ಗುಂಯ್‌ಗುಡುತ್ತಿದೆಯೇ, ತಲೆ ಸುತ್ತುತ್ತದೆಯೇ ಎಂದು ದಿನವೂ ಕೇಳಬೇಕು, ಏಕೆಂದರೆ ಈ ಔಷಧಗಳಿಂದ ಒಳಗಿವಿಗೆ ಆದ ಹಾನಿ ಹೆಚ್ಚಾಗಿ ಮರಳಿ ಸರಿಹೋಗುವುದಿಲ್ಲ.

ಪಾಳಿ ಬದಲಾಗುವಾಗ "ಲೆವೆಲ್ ಕಳಿಸಿದೆ" ಎಂದಷ್ಟೇ ಹೇಳಿ ಹೋಗಬಾರದು. ವರದಿ ಬರುವವರೆಗೆ ಮುಂದಿನ ಡೋಸ್ ಕೊಡಬೇಕೇ, ತಡೆಯಬೇಕೇ ಎಂಬುದನ್ನು ವೈದ್ಯರಿಂದ ಮೊದಲೇ ಬರೆಸಿಕೊಂಡಿರಬೇಕು. ರಕ್ತಕ್ಕೆ ಸೋಂಕು ಏರಿದ ರೋಗಿಗೆ ಕಾರಣವಿಲ್ಲದೆ ತಪ್ಪಿದ ಡೋಸ್ ಕೂಡ ಅಷ್ಟೇ ಅಪಾಯಕಾರಿ.