53 ತಿಂಗಳು ಕಾವಿಗೆ ಕೂತ ಆಕ್ಟೋಪಸ್

ಕಡಲ ಜೀವಶಾಸ್ತ್ರದ ಪಾಠದಲ್ಲಿ ಈ ಆಕ್ಟೋಪಸ್ ವಿಷಯ ಬಂದರೆ ಯಾರಾದರೂ ಕೇಳೇ ಕೇಳುತ್ತಾರೆ: "ಸರ್, ಪ್ರತಿ ಸಲ ನೋಡಿದ್ದು ಅದೇ ಆಕ್ಟೋಪಸ್ ಅಂತ ಹೇಗೆ ಗೊತ್ತು?" ಒಳ್ಳೆ ಪ್ರಶ್ನೆ. ಇಡೀ ದಾಖಲೆ ನಿಂತಿರುವುದೇ ಅದರ ಮೇಲೆ.

ಇದರ ಹೆಸರು ಗ್ರಾನೆಲೆಡೋನ್ ಬೋರಿಯೊಪೆಸಿಫಿಕಾ, ಉತ್ತರ ಪೆಸಿಫಿಕ್‌ನ ಆಳದ ಜಾತಿ. ಮೈಯೆಲ್ಲ ಒರಟು ಗಂಟು. 2007ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕಡಲೊಳಗಿನ ಮಾಂಟೆರೇ ಕಣಿವೆಯಲ್ಲಿ, ಸುಮಾರು 1,400 ಮೀಟರ್ ಆಳದಲ್ಲಿ, ಒಂದು ಹೆಣ್ಣು ಬಂಡೆಯತ್ತ ತೆವಳುತ್ತಿದ್ದುದು ರೋಬಾಟ್ ಕ್ಯಾಮೆರಾಕ್ಕೆ ಕಂಡಿತು. 38 ದಿನ ಬಿಟ್ಟು ನೋಡಿದರೆ ಅದೇ ಬಂಡೆಗೆ ಅಂಟಿಕೊಂಡು ಮೊಟ್ಟೆಗಳ ಮೇಲೆ ಕೂತಿದೆ. ಮೈಮೇಲಿನ ಗಾಯದ ಕಲೆಗಳಿಂದ ಗುರುತು ಸಿಕ್ಕಿತು. ಕಡಲ ವಿಜ್ಞಾನಿ ಬ್ರೂಸ್ ರಾಬಿಸನ್ ಅವರ ತಂಡ ಮತ್ತೆ ಮತ್ತೆ ಹೋಗಿ ನೋಡಿತು, ಒಟ್ಟು 18 ಸಲ. ಪ್ರತಿ ಸಲವೂ ಅವೇ ಕಲೆಗಳು, ಮೊಟ್ಟೆ ಮಾತ್ರ ಇನ್ನಷ್ಟು ದೊಡ್ಡದು. ಬೇರೆ ಹೆಣ್ಣು ಬಂದು ಹೊಸದಾಗಿ ಮೊಟ್ಟೆ ಇಟ್ಟಿದ್ದರೆ ಹೀಗೆ ಬೆಳೆಯುತ್ತಾ ಹೋಗುತ್ತಿರಲಿಲ್ಲ, ಅಲ್ವಾ? 2011ರ ಸೆಪ್ಟೆಂಬರ್‌ವರೆಗೂ ತಾಯಿ ಅಲ್ಲೇ ಇತ್ತು. ಅಕ್ಟೋಬರ್‌ನಲ್ಲಿ ಹೋದಾಗ ಬಂಡೆಯ ಮೇಲೆ ಒಡೆದ ಸಿಪ್ಪೆಗಳಷ್ಟೇ. ಲೆಕ್ಕ 53 ತಿಂಗಳು. ಮೊಟ್ಟೆ ಕಾಯುವುದರಲ್ಲಿ ಇದನ್ನು ಮೀರಿಸಿದ ಪ್ರಾಣಿ ಆಗ ಗೊತ್ತಿರಲಿಲ್ಲ.

ಅಷ್ಟೂ ದಿನ ಉಪವಾಸವೇ? ಇಲ್ಲಿ ನಾನು ಸ್ವಲ್ಪ ಜಾಗ್ರತೆ. ಅದು ತಿಂದದ್ದನ್ನು ಯಾರೂ ಕಂಡಿಲ್ಲ, ಅಷ್ಟು ಹೇಳಬಹುದು. ಹತ್ತಿರ ಬಂದ ಏಡಿಗಳನ್ನು ಸುಮ್ನೆ ಆಚೆ ತಳ್ಳುತ್ತಿತ್ತು. ರೋಬಾಟ್ ಕೈಯಿಂದ ಕೊಟ್ಟ ಏಡಿ ತುಂಡನ್ನೂ ಮುಟ್ಟಲಿಲ್ಲ. ವರ್ಷಗಳು ಕಳೆದಂತೆ ಬಣ್ಣ ಬಿಳಿಚಿತು, ಚರ್ಮ ಜೋಲುಬಿತ್ತು, ಕಣ್ಣು ಮಸುಕಾಯಿತು.

ಇದನ್ನು ತಾಯಿಪ್ರೀತಿಯ ಕಥೆ ಅಂತ ಹಂಚಿಕೊಳ್ಳುವವರು ಜಾಸ್ತಿ. ನನಗೆ ಇದು ಗ್ರಂಥಿ ಮತ್ತು ಚಳಿಯ ಕಥೆ. ಆಕ್ಟೋಪಸ್‌ನ ಕಣ್ಣುಗಳ ನಡುವೆ ದೃಷ್ಟಿಗ್ರಂಥಿ ಅಂತ ಇದೆ. 1977ರಲ್ಲಿ ವಿಜ್ಞಾನಿ ಜೆರೋಮ್ ವೊಡಿನ್ಸ್ಕಿ ಕಾವಿಗೆ ಕೂತಿದ್ದ ಬೇರೆ ಜಾತಿಯ ಹೆಣ್ಣುಗಳಲ್ಲಿ ಅದನ್ನು ತೆಗೆದುಹಾಕಿದರು. ಅವು ಮೊಟ್ಟೆ ಬಿಟ್ಟೆದ್ದು ತಿನ್ನತೊಡಗಿದವು, ಹೆಚ್ಚು ಕಾಲ ಬದುಕಿದವು. ಅಂದರೆ ಕಾವು, ಉಪವಾಸ ಎರಡರ ಹಿಂದೆಯೂ ಈ ಗ್ರಂಥಿಯ ಕೈವಾಡ.

ಇನ್ನು ಚಳಿ. ಆ ಆಳದ ನೀರು 3 ಡಿಗ್ರಿ ಸೆಲ್ಸಿಯಸ್, ಮನೆಯ ಫ್ರಿಜ್ಜಿನಷ್ಟು ತಣ್ಣಗೆ. ಭ್ರೂಣ ಬೆಳೆಯುವುದೂ ನಿಧಾನ, ತಾಯಿಯ ಮೈ ಶಕ್ತಿ ಖರ್ಚು ಮಾಡುವುದೂ ನಿಧಾನ. ದಡದ ಆಕ್ಟೋಪಸ್‌ಗಳಿಗೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಸಾಕು, ಆದರೆ ಎಷ್ಟೋ ಜಾತಿಗಳ ಮರಿ ತೀರಾ ಸಣ್ಣ, ನೀರಲ್ಲಿ ತೇಲಿಕೊಂಡು ಬದುಕಬೇಕು. ಮಾಂಟೆರೇಯ ಈ ತಾಯಿ ಇಟ್ಟದ್ದು 160ರ ಆಸುಪಾಸು ಮೊಟ್ಟೆ. ಹೊರಬರುವ ಮರಿ ಅಷ್ಟರಲ್ಲೇ ಪುಟ್ಟ ಬೇಟೆಗಾರ.

ಚಳಿಯ ವಾದಕ್ಕೆ ಬಲ ಸಿಕ್ಕಿದ್ದು ಅದೇ ಕ್ಯಾಲಿಫೋರ್ನಿಯಾ ಕಡಲಲ್ಲಿ, 2018ರಲ್ಲಿ ಪತ್ತೆಯಾದ ಒಂದು ಜಾಗದಿಂದ. ಡೇವಿಡ್ಸನ್ ಎಂಬ ಕಡಲೊಳಗಿನ ಬೆಟ್ಟದ ಬುಡದಲ್ಲಿ, 3,200 ಮೀಟರ್ ಆಳದಲ್ಲಿ, ಮ್ಯೂಸೊಕ್ಟೋಪಸ್ ರೋಬಸ್ಟಸ್ ಜಾತಿಯವು ಸಾವಿರಗಟ್ಟಲೆ ಗುಂಪಾಗಿದ್ದವು, ಮೊಟ್ಟೆ ಇಟ್ಟದ್ದು ಬಂಡೆಸಂದಿನಲ್ಲಿ ಬೆಚ್ಚನೆ ನೀರು ಒಸರುವ ಕಡೆ. ಸುತ್ತಲ ನೀರು 1.6 ಡಿಗ್ರಿ, ಸಂದಿನಲ್ಲಿ 5 ಡಿಗ್ರಿಯ ಆಸುಪಾಸು. ಇಷ್ಟೇ ವ್ಯತ್ಯಾಸಕ್ಕೆ ಅಲ್ಲಿನ ಮೊಟ್ಟೆಗಳು ಎರಡು ವರ್ಷದೊಳಗೆ ಒಡೆಯುತ್ತವೆ. ಚಳಿಯಲ್ಲೇ ಬಿಟ್ಟಿದ್ದರೆ ಐದು ವರ್ಷಕ್ಕೂ ಜಾಸ್ತಿ ಹಿಡಿಯುತ್ತಿತ್ತು ಅನ್ನುವುದು ವಿಜ್ಞಾನಿಗಳ ಅಂದಾಜು.